ಮಂಡಿಯ ಲೆಕ್ಕ: ಕಡತ, ಖಾತೆ ಪುಸ್ತಕ, ತಂತ್ರಾಂಶ

ತುಮಕೂರು, ಗುಬ್ಬಿ, ಕುಣಿಗಲ್ ಪೇಟೆಗಳನ್ನು ಒಳಗೊಂಡ ಮೈಸೂರು ಸೀಮೆಯ ವ್ಯಾಪಾರಿಗಳು ಕಳೆದ ಇನ್ನೂರು ವರ್ಷಗಳಲ್ಲಿ ಲೆಕ್ಕವನ್ನು ಮೂರು ಬಗೆಯಲ್ಲಿ ಇಟ್ಟಿದ್ದಾರೆ. ಮೊದಲು ಮಸಿ ಬಳಿದ ಬಟ್ಟೆಯ ಕಡತ, ಆಮೇಲೆ ಕಾಗದದ ದಿನವಹಿ ಮತ್ತು ಖಾತೆ ಪುಸ್ತಕ, ಈಚಿನ ಮೂರು ದಶಕಗಳಲ್ಲಿ ಕಂಪ್ಯೂಟರಿನ ತಂತ್ರಾಂಶ. ತಂತ್ರಾಂಶದಲ್ಲಿ ಮತ್ತೆ ಎರಡು ಕವಲುಗಳಿವೆ. ಒಂದು, ಕಂಪನಿಯಿಂದ ಪರವಾನಗಿ ಕೊಂಡು ಬಳಸುವಂಥದ್ದು. ಇನ್ನೊಂದು, ಯಾರು ಬೇಕಾದರೂ ಪಡೆದು, ಒಳಗಿನ ಬರಹವನ್ನು ಓದಿ, ತಿದ್ದಿ, ಹಂಚಬಹುದಾದ ಓಪನ್ ಸೋರ್ಸ್ ತಂತ್ರಾಂಶ. ಮಂಡಿಯಲ್ಲಿ ಯಾವುದು ನೆಲೆಯೂರಿತು, ಯಾವುದು ಊರಲಿಲ್ಲ ಎಂಬುದನ್ನು ತಂತ್ರಾಂಶದ ಗುಣವೊಂದೇ ನಿರ್ಧರಿಸಲಿಲ್ಲ. ಲೆಕ್ಕ ಬರೆಯುವವನು ಯಾರು, ಅದನ್ನು ಕೇಳಿ ನೋಡುವವನು ಯಾರು ಎಂಬುದು ಅದಕ್ಕಿಂತ ಹೆಚ್ಚು ನಿರ್ಧರಿಸಿತು.

ಪೇಟೆ ಮತ್ತು ಸರಕು

ಈ ಮೂರು ಊರುಗಳಲ್ಲಿ ದೂರದ ವ್ಯಾಪಾರಕ್ಕೆ ಹಿಂದಿನಿಂದ ಹೆಸರಾದದ್ದು ಗುಬ್ಬಿ. ಮಲೆನಾಡಿನ ನಗರ ಸೀಮೆಯ ಅಡಿಕೆ ಆರ್ಕಾಟಿನ ಕಡೆಯ ವಾಲಾಜಾಪೇಟೆಗೆ ಹೋಗುವ ದಾರಿಯಲ್ಲಿ ಗುಬ್ಬಿ ನಡುವಿನ ಮಾರುಕಟ್ಟೆಯಾಗಿತ್ತೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೂಡ ಗುಬ್ಬಿಯ ವಾರದ ಸಂತೆಯನ್ನೂ ಅಲ್ಲಿನ ವರ್ತಕರನ್ನೂ ಗಮನಿಸಿದ್ದಾನೆ. ಅವನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ರೈಲು 1884ರಲ್ಲಿ ತುಮಕೂರಿಗೆ ಬಂತು. 1889ರ ಹೊತ್ತಿಗೆ ಅದು ಗುಬ್ಬಿಯನ್ನು ಹಾದು ಹರಿಹರ ಮುಟ್ಟಿತು.

ತುಮಕೂರಿನ ಸಗಟು ವ್ಯಾಪಾರದ ಹಳೆಯ ಬೀದಿ ಮಂಡಿಪೇಟೆ. ಮುಂದೆ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣ ಬಟವಾಡಿಯಲ್ಲಿ ಆಯಿತು. ಹುಣಸೆಹಣ್ಣಿನ ವಹಿವಾಟಿಗೆ ಅದು ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಕುಣಿಗಲ್ ಬೆಂಗಳೂರು–ಮಂಗಳೂರು ಹೆದ್ದಾರಿಯ ಊರು. ರಾಗಿ, ತೆಂಗಿನ ಜೊತೆಗೆ ಶುದ್ಧ ಮೈಸೂರು ತಳಿಯ ಬಿತ್ತನೆ ರೇಷ್ಮೆ ಗೂಡಿಗೂ ಅದು ಹೆಸರಾಗಿದೆ. ಈಚೆಗೆ ಅಂಚೇಪಾಳ್ಯದ ಕೈಗಾರಿಕಾ ಪ್ರದೇಶದಿಂದ ಸಣ್ಣ ಕಾರ್ಖಾನೆಗಳ ಲೆಕ್ಕವೂ ಈ ತಾಲ್ಲೂಕಿನ ಪಾಲಿಗೆ ಬಂದಿದೆ.

ಅಡಿಕೆ, ಹುಣಸೆ, ಕೊಬ್ಬರಿಯಂಥ ಸರಕಿನ ವ್ಯಾಪಾರದಲ್ಲಿ ಮಾಲು ಕೊಟ್ಟ ದಿನವೇ ದುಡ್ಡು ಬರುವುದಿಲ್ಲ. ರೈತನಿಗೆ ಮುಂಗಡ ಕೊಟ್ಟಿರಬೇಕು, ಖರೀದಿದಾರನಿಗೆ ಉದ್ದರಿ ಬಿಟ್ಟಿರಬೇಕು, ನಡುವೆ ಹಮಾಲಿ, ಬಾಡಿಗೆ, ಚೀಲದ ಲೆಕ್ಕ ಬೇರೆ. ಮಂಡಿಯವನಿಗೆ ಬಂಡವಾಳದಷ್ಟೇ ಮುಖ್ಯವಾದದ್ದು ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ಬರಹ.

ಅಳಿಸಬಹುದಾದ ಲೆಕ್ಕ

ಆ ಬರಹದ ಹಳೆಯ ರೂಪ ಕಡತ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಲು ತೊಡಗಿದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದಡಿಯವರೆಗೆ ಅಗಲ, 12ರಿಂದ 18 ಅಡಿ ಉದ್ದದ ಹತ್ತಿ ಬಟ್ಟೆಯ ಪಟ್ಟಿಗೆ ಎರಡೂ ಕಡೆ ಗೋಂದು ಮತ್ತು ಇದ್ದಿಲ ಪುಡಿಯ ಲೇಪ ಕೊಡುತ್ತಿದ್ದರು. ನಮ್ಮ ಕಡೆ ಗೋಂದಿಗೆ ಹುಣಸೆ ಬೀಜವನ್ನು ಅರೆದು ಬೇಯಿಸಿದ ಸರಿ ಬಳಕೆಯಲ್ಲಿತ್ತು. ಒಣಗಿದ ಬಟ್ಟೆಯನ್ನು ಹಾಳೆ ಹಾಳೆಯಾಗಿ ಹಿಂದೆ ಮುಂದೆ ಮಡಿಸಿ, ಎರಡು ತುದಿಗೂ ಮರದ ಹಲಗೆ ಅಂಟಿಸಿದರೆ ಪುಸ್ತಕ ಸಿದ್ಧ. ಬರೆಯಲು ಬಳಪ. ತಪ್ಪಾದರೆ ಒದ್ದೆ ಬಟ್ಟೆಯಿಂದ ಒರೆಸಬಹುದು, ಬರಹ ತುಂಬಿದರೆ ಮಸಿ ಹಚ್ಚಿ ಹೊಸದು ಮಾಡಿಕೊಳ್ಳಬಹುದು.

ವ್ಯಾಪಾರಿಗಳು, ಅಂಗಡಿಯವರು ಇನ್ನೂ ತೀರದ, ನಡೆಯುತ್ತಿರುವ ಲೆಕ್ಕಕ್ಕೆ ಇದನ್ನು ಸಾಮಾನ್ಯವಾಗಿ ಬಳಸುತ್ತಿದ್ದರೆಂದು ವಿಲ್ಕ್ಸ್ ಹೇಳುತ್ತಾನೆ. ಅಳಿಸಬಹುದಾದ ಪುಸ್ತಕ ಅಂಥ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿತ್ತು. ಬಾಕಿ ತೀರಿದರೆ ಬರಹವನ್ನೂ ಒರೆಸಿದರಾಯಿತು. ಆದರೆ ಒರೆಸದೆ ಬಿಟ್ಟ ಕಡತ ಬಹಳ ಗಟ್ಟಿ. ಶೃಂಗೇರಿ ಮಠದಲ್ಲಿ ಉಳಿದಿರುವ ಕಡತಗಳು ಶತಮಾನ ದಾಟಿದರೂ ಓದಲು ಸಿಗುತ್ತವೆ. ಶಾನುಭೋಗರ ಗ್ರಾಮಲೆಕ್ಕದಲ್ಲೂ ಕಡತ ನಡೆಯುತ್ತಿತ್ತು.

ಕಡತದ ಎರಡು ಗುಣಗಳು ಮುಂದಿನ ಕಥೆಗೆ ಮುಖ್ಯ. ಬಟ್ಟೆ, ಇದ್ದಿಲು, ಹುಣಸೆ ಬೀಜ ಎಲ್ಲವೂ ಊರಲ್ಲೇ ಸಿಗುತ್ತಿದ್ದವು. ಪುಸ್ತಕವನ್ನು ಮಾಡಿಕೊಳ್ಳಲು, ಕೆಟ್ಟರೆ ಸರಿಪಡಿಸಲು ಯಾರ ಹಂಗೂ ಬೇಕಿರಲಿಲ್ಲ. ಎರಡನೆಯದು, ತಿದ್ದಿದ ಗುರುತು ಉಳಿಯುತ್ತಿರಲಿಲ್ಲ. ವ್ಯಾಪಾರಿಯ ಮಾತೇ ಸಾಕ್ಷಿಯಾಗಿದ್ದ ಕಾಲಕ್ಕೆ ಅದು ಕುಂದಾಗಿ ಕಾಣಲಿಲ್ಲ. ಲೆಕ್ಕವನ್ನು ಕೋರ್ಟು, ಬ್ಯಾಂಕು, ತೆರಿಗೆ ಅಧಿಕಾರಿ ನೋಡುವ ಕಾಲಕ್ಕೆ ಅದು ನಡೆಯದಾಯಿತು.

ದಿನವಹಿ, ಖಾತೆ, ಶಿಲ್ಕು

ಕಾಗದದ ಕಾಲದ ಅಂಗಡಿಯಲ್ಲಿ ಲೆಕ್ಕದ ಕೇಂದ್ರ ಗುಮಾಸ್ತ. ಅವನ ಮುಂದೆ ಎರಡು ಪುಸ್ತಕ. ದಿನವಹಿಯಲ್ಲಿ ಆಯಾ ದಿನದ ಜಮಾ, ಖರ್ಚನ್ನು ನಡೆದ ಕ್ರಮದಲ್ಲೇ ಬರೆದು ಸಂಜೆಗೆ ಶಿಲ್ಕು ತೆಗೆಯುವುದು. ಖಾತೆ ಪುಸ್ತಕದಲ್ಲಿ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಪುಟ. ದಿನವಹಿಯ ಪ್ರತಿ ಬಾಬನ್ನೂ ಸಂಬಂಧಪಟ್ಟ ಪುಟಕ್ಕೆ ಎತ್ತಿ ಬರೆಯುವುದು.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ರೈತನೊಬ್ಬ 5 ಕ್ವಿಂಟಲ್ ಹುಣಸೆಹಣ್ಣು ತಂದ, ಕ್ವಿಂಟಲಿಗೆ 12,000 ರೂಪಾಯಿಗೆ ಮಾರಾಟವಾಯಿತು, ದಲ್ಲಾಳಿಯ ಕಮಿಷನ್ ನೂರಕ್ಕೆ 2 ಎಂದಿಟ್ಟುಕೊಂಡರೆ, ದಲ್ಲಾಳಿ ಅಂಗಡಿಯ ಪುಸ್ತಕದಲ್ಲಿ ಮೂರು ಬಾಬು ಏಳುತ್ತವೆ. ಮಾಲು ಕೊಟ್ಟ ರೈತನ ಖಾತೆಗೆ 60,000 ಜಮಾ. ಖರೀದಿದಾರನ ಖಾತೆಗೆ 61,200 ಖರ್ಚು. ಕಮಿಷನ್ ಖಾತೆಗೆ 1,200 ಜಮಾ. ಎರಡೂ ಬದಿ ಸಮ. ರೈತನಿಗೆ ದುಡ್ಡು ಕೊಟ್ಟಾಗ ಅವನ ಖಾತೆಗೆ 60,000 ಖರ್ಚು ಬಿದ್ದು ಪುಟ ಚುಕ್ತಾ ಆಗುತ್ತದೆ, ಅಷ್ಟೇ ಮೊತ್ತ ನಗದಿನಲ್ಲಿ ಇಳಿಯುತ್ತದೆ. ಹಮಾಲಿ, ಮಾರುಕಟ್ಟೆ ಶುಲ್ಕಗಳಿಗೂ ಇದೇ ಕ್ರಮ. ಕೊಡುವವನೊಬ್ಬನಿದ್ದರೆ ಪಡೆಯುವವನೊಬ್ಬನಿರಲೇಬೇಕು ಎಂಬ ಜೋಡಿ ನಮೂದಿನ ಈ ತತ್ವವನ್ನು ಇಟಲಿಯ ಲೂಕಾ ಪಚೋಲಿ 1494ರಲ್ಲಿ ಅಚ್ಚಿನ ಪುಸ್ತಕಕ್ಕೆ ತಂದ. ಇಂದಿನ ಯಾವ ಲೆಕ್ಕದ ತಂತ್ರಾಂಶವನ್ನು ತೆರೆದರೂ ಒಳಗಿರುವುದು ಅದೇ.

ಈ ಪುಸ್ತಕಗಳ ಅಂಕಣಗಳನ್ನು ಬದಲಾಯಿಸಿದ್ದು ಸರ್ಕಾರದ ಕಾನೂನುಗಳು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಪುಟದಲ್ಲಿ ಮೂರು ಅಂಕಣ. ಅದು ಎರಡಕ್ಕೆ ಇಳಿಯಿತು. ಅದರ ಬೆನ್ನಿಗೇ ಮಣ, ಸೇರುಗಳು ಹೋಗಿ ಕ್ವಿಂಟಲ್, ಕಿಲೋ ಬಂದವು. ಮಾರಾಟ ತೆರಿಗೆಯ 1957ರ ಕಾಯ್ದೆ ಬಿಲ್ ಪುಸ್ತಕವನ್ನು ಕಡ್ಡಾಯದ ದಾಖಲೆಯಾಗಿಸಿತು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಮಂಡಿ ವ್ಯಾಪಾರವನ್ನು ಸಮಿತಿಯ ಕಣ್ಣಳತೆಗೆ ತಂದಿತು. ಕಮಿಷನ್ ಕೊಡಬೇಕಾದವನು ಖರೀದಿದಾರನೇ ಹೊರತು ರೈತನಲ್ಲ ಎಂಬುದು ಅದರ ನಿಯಮ. ಅಧಿಕೃತ ಲೆಕ್ಕಪಟ್ಟಿಯ ಬದಲು ಬಿಳಿ ಚೀಟಿಯಲ್ಲಿ ಮೊತ್ತ ಗೀಚಿ ರೈತನಿಂದಲೇ ಕಮಿಷನ್ ಮುರಿದುಕೊಳ್ಳುವ ಪದ್ಧತಿ ರಾಜ್ಯದ ಮಾರುಕಟ್ಟೆಗಳಲ್ಲಿ ಇಂದಿಗೂ ದೂರಿನ ವಿಷಯ. 1984ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿದ 44ಎಬಿ ಕಲಮಿನ ಪ್ರಕಾರ, ನಿಗದಿತ ಮಿತಿ ಮೀರಿದ ವಹಿವಾಟಿನ ವ್ಯಾಪಾರಿ ತನ್ನ ಲೆಕ್ಕವನ್ನು ಚಾರ್ಟರ್ಡ್ ಅಕೌಂಟೆಂಟರಿಂದ ತಪಾಸಣೆ ಮಾಡಿಸಲೇಬೇಕಾಯಿತು. ಅಲ್ಲಿಂದ ಮುಂದೆ ಲೆಕ್ಕಕ್ಕೆ ಇಬ್ಬರು ಯಜಮಾನರು: ಗದ್ದಿಗೆಯ ಮೇಲೆ ಕೂತ ವ್ಯಾಪಾರಿ, ವರ್ಷದ ಕೊನೆಗೆ ಪುಸ್ತಕ ನೋಡುವ ಆಡಿಟರ್.

ಟ್ಯಾಲಿ ಬಂದ ಬಗೆ

ಭಾರತದ ಸಣ್ಣ ವ್ಯಾಪಾರವನ್ನು ಕಂಪ್ಯೂಟರಿಗೆ ಒಗ್ಗಿಸಿದ ತಂತ್ರಾಂಶ ಹುಟ್ಟಿದ್ದು ಬೆಂಗಳೂರಿನಲ್ಲಿ. ಗಿರಣಿಗಳಿಗೆ ಕಚ್ಚಾಮಾಲು, ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅವರಿಂದಲೇ ಬರೆಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಸಂಸ್ಥೆಯಾಗಿ ಶುರುವಾದದ್ದು 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ವೋಚರ್ ಒಂದನ್ನು ತುಂಬಿದರೆ ದಿನವಹಿ, ಖಾತೆ, ಅಢಾವೆ ಪತ್ರಿಕೆ ಎಲ್ಲವೂ ಅದೇ ಕ್ಷಣ ತಾವಾಗಿಯೇ ಸರಿಹೊಂದುವುದು ಅದರ ಬಲ. ಗುಮಾಸ್ತ ಎತ್ತಿ ಬರೆಯುವಾಗ ಆಗುತ್ತಿದ್ದ ತಪ್ಪು, ತಿಂಗಳ ಕೊನೆಗೆ ಎರಡು ಬದಿ ಕೂಡದೆ ರಾತ್ರಿಯೆಲ್ಲ ಹುಡುಕುವ ಕೆಲಸ ಎರಡೂ ತಪ್ಪಿದವು. ಮೌಸ್ ಮುಟ್ಟದೆ ಬರೀ ಕೀಲಿಮಣೆಯಲ್ಲಿ ನಡೆಯುತ್ತಿದ್ದುದರಿಂದ ಪಳಗಿದ ಕೈಗೆ ಅದು ಪೆನ್ನಿಗಿಂತ ಚುರುಕು.

ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ವ್ಯಾಟ್ ಜಾರಿಯಾಯಿತು. ಕೊಂಡಾಗ ಕೊಟ್ಟ ತೆರಿಗೆಯನ್ನು ಮಾರಿದಾಗ ಬಂದ ತೆರಿಗೆಯಲ್ಲಿ ಕಳೆದು ಉಳಿದದ್ದನ್ನು ಕಟ್ಟುವ ಕ್ರಮವಾದ್ದರಿಂದ ಪ್ರತಿ ಬಿಲ್ಲಿಗೂ ಲೆಕ್ಕ ಬೇಕಾಯಿತು. ಮುಂದೆ ಸರಕು ಸಾಗಣೆಗೆ ಇ-ಸುಗಮ್ ನಮೂನೆಯೂ ಬಂತು. ಕಾಗದದಲ್ಲಿ ಇದನ್ನೆಲ್ಲ ನಿಭಾಯಿಸುವುದು ದುಬಾರಿ. ವ್ಯಾಪಾರಿಗಿಂತ ಮೊದಲು ಅವನ ತೆರಿಗೆ ಸಲಹೆಗಾರ ಟ್ಯಾಲಿಗೆ ಒಗ್ಗಿಕೊಂಡ. ಬಿ.ಕಾಂ. ಓದಿದವರು ಪೇಟೆಯ ಕಂಪ್ಯೂಟರ್ ಸೆಂಟರುಗಳಲ್ಲಿ ಟ್ಯಾಲಿ ಕೋರ್ಸ್ ಮುಗಿಸಿ ಗುಮಾಸ್ತನ ಜಾಗಕ್ಕೆ ಬಂದರು. 2006ರ ಟ್ಯಾಲಿ 9 ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡಬಲ್ಲದಾಗಿತ್ತು. ಆದರೂ ರಿಟರ್ನು, ಆಡಿಟ್ ಇಂಗ್ಲಿಷಿನಲ್ಲಿದ್ದುದರಿಂದ ಬಳಕೆ ಇಂಗ್ಲಿಷಿನತ್ತಲೇ ವಾಲಿತು. ಕನ್ನಡದಲ್ಲಿ ಜಮಾ-ಖರ್ಚು ಬರೆಯುವ ರೂಢಿ ಗಟ್ಟಿಯಾಗಿ ಉಳಿದದ್ದು ಹಾಲು ಉತ್ಪಾದಕರ ಸಂಘ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ.

ಮುಕ್ತ ತಂತ್ರಾಂಶದ ಸಾಲು

ಇದೇ ಕಾಲದಲ್ಲಿ ಇನ್ನೊಂದು ಕವಲು ಬೆಳೆಯಿತು. ತಂತ್ರಾಂಶದ ಮೂಲ ಬರಹ ಬಳಸುವವರ ಕೈಯಲ್ಲಿರಬೇಕೆಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಆರಂಭಿಸಿದ ಗ್ನೂ ಯೋಜನೆ ಅದರ ಬೇರು. ಆ ಪರಂಪರೆಯ ಲೆಕ್ಕದ ತಂತ್ರಾಂಶ ಗ್ನೂಕ್ಯಾಶ್ 1998ರಲ್ಲಿ ಮೊದಲ ಆವೃತ್ತಿ ಕಂಡಿತು. 2003ರಲ್ಲಿ ಬಿಲ್, ಗಿರಾಕಿ, ಮಾರಾಟಗಾರರ ಖಾತೆಗಳಂಥ ಸಣ್ಣ ವ್ಯಾಪಾರದ ಸೌಲಭ್ಯ ಸೇರಿತು. 2007ರಲ್ಲಿ ವಿಂಡೋಸ್‌ನಲ್ಲೂ ನಡೆಯುವಂತಾಯಿತು. ಮುಂದೆ ಕನ್ನಡ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಅದರ ಅನುವಾದವೂ ಆಯಿತು. ಅದರ ಲೆಕ್ಕ ಎಕ್ಸ್‌ಎಂಎಲ್ ಅಥವಾ ಎಸ್‌ಕ್ಯೂಲೈಟ್ ರೂಪದಲ್ಲಿ ಉಳಿಯುವುದರಿಂದ, ನಾಳೆ ಗ್ನೂಕ್ಯಾಶ್ ಇಲ್ಲದಿದ್ದರೂ ಬೇರೆ ಸಾಧನದಿಂದ ಫೈಲನ್ನು ತೆರೆದು ಓದಬಹುದು.

ಭಾರತದಲ್ಲೇ ಹುಟ್ಟಿದ್ದು ಗ್ನೂಖಾತಾ. ಕೃಷ್ಣಕಾಂತ್ ಮಾನೆ ಅವರ ಮುಂದಾಳತ್ವದಲ್ಲಿ ಪೈಥಾನ್ ಭಾಷೆಯಲ್ಲಿ ಬರೆದ ಈ ತಂತ್ರಾಂಶ ಭಾರತೀಯ ಲೆಕ್ಕಪದ್ಧತಿಯನ್ನು ಗಮನದಲ್ಲಿಟ್ಟುಕೊಂಡದ್ದು. ಇದು ನೆಲೆ ಕಂಡದ್ದು ಕೇರಳದಲ್ಲಿ. ಅಲ್ಲಿನ ಹೈಯರ್ ಸೆಕೆಂಡರಿ ವಾಣಿಜ್ಯ ವಿಭಾಗದ ಕಂಪ್ಯೂಟರ್ ಲೆಕ್ಕಪಾಠದಲ್ಲಿ ಗ್ನೂಖಾತಾ ಮತ್ತು ಲಿಬ್ರೆಆಫೀಸ್ ಸೇರಿದವು. ಹೀಗಾಗಿ ಕಾಸರಗೋಡಿನ ವಾಣಿಜ್ಯ ವಿದ್ಯಾರ್ಥಿಗೆ ಶಾಲೆಯಲ್ಲಿ ಪರಿಚಯವಾಗುವುದು ಮುಕ್ತ ತಂತ್ರಾಂಶ, ತುಮಕೂರಿನ ವಿದ್ಯಾರ್ಥಿಗೆ ಸಾಮಾನ್ಯವಾಗಿ ಟ್ಯಾಲಿ. ಕಲಿತದ್ದೇ ಮುಂದೆ ಅಂಗಡಿಗೂ ಬರುತ್ತದೆ.

ಮೂರನೆಯದು ಇಆರ್‌ಪಿನೆಕ್ಸ್ಟ್. ಮುಂಬಯಿಯಲ್ಲಿ ರುಷಭ್ ಮೆಹ್ತಾ 2008ರಲ್ಲಿ ಕಟ್ಟಿದ ಫ್ರಾಪೆ ಸಂಸ್ಥೆಯದ್ದು. ಲೆಕ್ಕದ ಜೊತೆ ದಾಸ್ತಾನು, ಖರೀದಿ, ಉತ್ಪಾದನೆ, ಸಂಬಳ ಎಲ್ಲವನ್ನೂ ಒಂದೇ ಕಡೆ ಜೋಡಿಸುತ್ತದೆ. ಬೆಂಗಳೂರಿನ ಷೇರು ವ್ಯವಹಾರ ಸಂಸ್ಥೆ ಜೆರೋಧಾ ಇದನ್ನು ಬಳಸುತ್ತದೆ, ಫ್ರಾಪೆಯಲ್ಲಿ ಹಣವನ್ನೂ ತೊಡಗಿಸಿದೆ. ಜಿಎಸ್‌ಟಿ ರಿಟರ್ನ್, ಇ-ಇನ್‌ವಾಯ್ಸ್, ಇ-ವೇ ಬಿಲ್‌ಗಳಿಗೆ ಇಂಡಿಯಾ ಕಂಪ್ಲಯನ್ಸ್ ಎಂಬ ಮುಕ್ತ ಸೇರ್ಪಡೆ ಇದೆ. ಒಂದೇ ಕಂಪ್ಯೂಟರಿನ ಅಂಗಡಿಗಾಗಿ ಅದೇ ಸಂಸ್ಥೆ ಫ್ರಾಪೆ ಬುಕ್ಸ್ ಎಂಬ ಹಗುರ ತಂತ್ರಾಂಶವನ್ನೂ ಹೊರತಂದಿದೆ. ಇವೆಲ್ಲಕ್ಕಿಂತ ಸರಳವಾದದ್ದು ಲಿಬ್ರೆಆಫೀಸಿನ ಕ್ಯಾಲ್ಕ್. ಐಐಟಿ ಮುಂಬಯಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇದರ ಪಾಠಗಳನ್ನು ಕನ್ನಡದಲ್ಲೂ ಒದಗಿಸಿದೆ.

ಜಿಎಸ್‌ಟಿ ಕಾಲದ ಪರೀಕ್ಷೆ

2017ರ ಜುಲೈ 1ರಂದು ಜಾರಿಯಾದ ಜಿಎಸ್‌ಟಿ ಎಲ್ಲ ತಂತ್ರಾಂಶಗಳನ್ನೂ ಪರೀಕ್ಷೆಗೆ ಒಡ್ಡಿತು. ತೆರಿಗೆ ದರ ಪದೇ ಪದೇ ಬದಲಾಗುವುದೇ ಮೊದಲ ಕಷ್ಟ. ಒಣ ಹುಣಸೆಹಣ್ಣಿಗೆ ನೂರಕ್ಕೆ 5 ಇದ್ದ ತೆರಿಗೆಯನ್ನು ಜಿಎಸ್‌ಟಿ ಮಂಡಳಿ 2019ರ ಸೆಪ್ಟೆಂಬರ್ ಸಭೆಯಲ್ಲಿ ತೆಗೆದುಹಾಕಿತು. ಒಣ ಅಡಿಕೆಯ ಮೇಲಿನ 5 ಮಾತ್ರ ಉಳಿಯಿತು. ಎರಡನ್ನೂ ಮಾರುವ ಅಂಗಡಿಯ ಬಿಲ್ಲಿನಲ್ಲಿ ಅಂದಿನಿಂದ ಒಂದಕ್ಕೆ ತೆರಿಗೆ, ಇನ್ನೊಂದಕ್ಕೆ ಇಲ್ಲ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ ನೂರಕ್ಕೆ 5 ತೆರಿಗೆ ಬಿತ್ತು. ಅದರ ಮೇಲಿನ ತೂಕಕ್ಕೆ ಇಲ್ಲದ್ದರಿಂದ ಮಾರುಕಟ್ಟೆಗೆ 26 ಕಿಲೋ ಚೀಲ ಬಂತು. ಸರಕು ಅದೇ, ಲೆಕ್ಕ ಬೇರೆ. ಇಂಥ ಬದಲಾವಣೆಯನ್ನು ತಂತ್ರಾಂಶದೊಳಗೆ ಯಾರಾದರೂ ತಕ್ಷಣ ಸರಿಹೊಂದಿಸಬೇಕು. ಟ್ಯಾಲಿಯಲ್ಲಿ ಆ ಕೆಲಸಕ್ಕೆ ಕಂಪನಿ ಮತ್ತು ಊರೂರಿನ ಏಜೆಂಟರಿದ್ದಾರೆ. ಮುಕ್ತ ತಂತ್ರಾಂಶದಲ್ಲಿ ಬಳಸುವವನೇ ಮಾಡಿಕೊಳ್ಳಬೇಕು, ಇಲ್ಲವೇ ಬಲ್ಲವರಿಗೆ ದುಡ್ಡು ಕೊಟ್ಟು ಮಾಡಿಸಿಕೊಳ್ಳಬೇಕು.

ಎರಡನೆಯ ಕಷ್ಟ ಮಂಡಿಯ ಸ್ವಭಾವದ್ದು. ಅಲ್ಲಿ ಹಣದಷ್ಟೇ ಚೀಲ, ತೂಕ, ತರಗತಿಗಳ ಲೆಕ್ಕವೂ ಬೇಕು. ಗ್ನೂಕ್ಯಾಶ್‌ನಲ್ಲಿ ದಾಸ್ತಾನು ಲೆಕ್ಕವಿಲ್ಲ. ಜಿಎಸ್‌ಟಿ ರಿಟರ್ನಿನ ಫೈಲನ್ನೂ ಅದು ತಾನಾಗಿ ತಯಾರಿಸುವುದಿಲ್ಲ. ಇಆರ್‌ಪಿನೆಕ್ಸ್ಟ್‌ನಲ್ಲಿ ಎರಡೂ ಇವೆ, ಆದರೆ ಅದನ್ನು ನಡೆಸಲು ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಕೈ ಬೇಕು. ಇಬ್ಬರು ಮೂವರು ಕೆಲಸದವರ ದಲ್ಲಾಳಿ ಅಂಗಡಿಗೆ ಅದು ಹೊರೆ. ಅಂಚೇಪಾಳ್ಯ, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಗಳಿಗೆ ಹೊಂದುವಂಥದ್ದು. ಮೂರನೆಯದು ಆಡಿಟರ್ ಕಚೇರಿ. ವರ್ಷದ ಕೊನೆಗೆ ಅಲ್ಲಿ ಕೇಳುವುದು ಟ್ಯಾಲಿ ಬ್ಯಾಕಪ್. ಬೇರೆ ತಂತ್ರಾಂಶದ ಲೆಕ್ಕ ಒಯ್ದರೆ ಮತ್ತೆ ಟೈಪ್ ಮಾಡಿಸುವ ಖರ್ಚು ವ್ಯಾಪಾರಿಯ ತಲೆಗೇ ಬೀಳುತ್ತದೆ. ಪರವಾನಗಿಗೆ ಉಳಿಸಿದ ದುಡ್ಡು ಅಲ್ಲಿಗೆ ಹೋಗುತ್ತದೆ.

ಈ ನಡುವೆ ಪೇಟೆಗೆ ಬಂದದ್ದು ಮೊಬೈಲ್ ಆ್ಯಪ್. ಓಕೆಕ್ರೆಡಿಟ್, ಖಾತಾಬುಕ್ ಎರಡೂ ಬೆಂಗಳೂರಿನವು. ಉದ್ದರಿ ಪುಸ್ತಕವನ್ನು ಫೋನಿಗೆ ತಂದು, ಬಾಕಿಯನ್ನು ನೆನಪಿಸುವ ಸಂದೇಶವನ್ನು ಗಿರಾಕಿಗೆ ಕಳಿಸುತ್ತವೆ. ಖಾತಾಬುಕ್‌ನಲ್ಲಿ ಕನ್ನಡವೂ ಇದೆ. ದುಡ್ಡಿಲ್ಲದೆ ಸಿಕ್ಕರೂ ಇವು ಓಪನ್ ಸೋರ್ಸ್ ಅಲ್ಲ. ಲೆಕ್ಕ ಇರುವುದು ಕಂಪನಿಯ ಸರ್ವರಿನಲ್ಲಿ. ವಾರ್ಷಿಕ ವಹಿವಾಟು 1.5 ಕೋಟಿ ರೂಪಾಯಿಗಿಂತ ಕಡಿಮೆ ಇರುವವರಿಗೆ ಜಿಎಸ್‌ಟಿ ಜಾಲವೇ 2019ರಲ್ಲಿ ಉಚಿತ ಬಿಲ್ಲಿಂಗ್ ತಂತ್ರಾಂಶ ಕೊಡಿಸಿತು. ಅದು ಉಚಿತ ಮಾತ್ರ, ಮುಕ್ತವಲ್ಲ. ಬೆಲೆ ಇಲ್ಲದಿರುವುದೇ ಮುಕ್ತತೆ ಎಂದು ತಿಳಿದ ಅಂಗಡಿಯವನಿಗೆ ಈ ವ್ಯತ್ಯಾಸ ಗೊತ್ತಾಗುವುದು ಆ್ಯಪ್ ನಿಂತಾಗ, ಇಲ್ಲವೇ ಹಳೆಯ ವರ್ಷದ ಲೆಕ್ಕ ಬೇಕಾದಾಗ.

ಅಳಿಸುವ, ತಿದ್ದುವ ಪ್ರಶ್ನೆಯೂ ಕಾನೂನಿನ ಹೊಸ ರೂಪದಲ್ಲಿ ಬಂದಿದೆ. 2023ರ ಏಪ್ರಿಲ್ 1ರಿಂದ ನೋಂದಾಯಿತ ಕಂಪನಿಗಳು ಬಳಸುವ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕು, ಅದನ್ನು ನಿಲ್ಲಿಸಲು ಆಗಬಾರದು. ಮಾಲೀಕರೊಬ್ಬರ ಅಂಗಡಿ, ಪಾಲುದಾರಿಕೆ ಮಂಡಿಗಳಿಗೆ ಈ ನಿಯಮ ನೇರವಾಗಿ ಅನ್ವಯಿಸದು. ಪ್ರೈವೇಟ್ ಲಿಮಿಟೆಡ್ ಆದ ಸಣ್ಣ ಕಾರ್ಖಾನೆಗೆ ಅನ್ವಯಿಸುತ್ತದೆ. ಮೂಲ ಬರಹವನ್ನು ಯಾರಾದರೂ ಬದಲಾಯಿಸಬಹುದಾದ ತಂತ್ರಾಂಶದಲ್ಲಿ ಈ ಕಟ್ಟುಪಾಡನ್ನು ಆಡಿಟರಿಗೆ ಮನಗಾಣಿಸುವುದು ಹೆಚ್ಚಿನ ಕೆಲಸ. ಇಆರ್‌ಪಿನೆಕ್ಸ್ಟ್‌ನಲ್ಲಿ ಒಮ್ಮೆ ಸಲ್ಲಿಸಿದ ವೋಚರನ್ನು ರದ್ದುಪಡಿಸಿ ಹೊಸದು ಬರೆಯುವ ಕ್ರಮ ಮೊದಲಿನಿಂದಲೂ ಇರುವುದು ಇಲ್ಲಿ ನೆರವಾಗುತ್ತದೆ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣವನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಪುಸ್ತಕವನ್ನೇ ಇಡದಿದ್ದವರಿಗೂ ಲೆಕ್ಕದ ಬಿಸಿ ತಟ್ಟಿತು. ಬಂದ ದುಡ್ಡಿನಲ್ಲಿ ತೆರಿಗೆ ಇಲ್ಲದ ಹಾಲು, ತರಕಾರಿಯ ಪಾಲೆಷ್ಟು, ಕೈಗಡದ ಪಾಲೆಷ್ಟು ಎಂದು ತೋರಿಸಲು ಬರಹವಿರಲಿಲ್ಲ. ಸರಕುಗಳ ವ್ಯಾಪಾರದಲ್ಲಿ ನೋಂದಣಿಯ ಮಿತಿ 40 ಲಕ್ಷ ರೂಪಾಯಿ ಇರುವುದರಿಂದ ಅದರೊಳಗಿನ ಅಂಗಡಿಗೆ ರಿಟರ್ನ್ ತಯಾರಿಸುವ ತಂತ್ರಾಂಶ ಬೇಕಿಲ್ಲ. ದಿನದ ಮಾರಾಟವನ್ನು ಬಗೆಬಗೆಯಾಗಿ ಬರೆದಿಡುವ ಒಂದು ಪುಸ್ತಕ ಸಾಕು. ಕ್ಯಾಲ್ಕ್ ಅಥವಾ ಕನ್ನಡದ ಗ್ನೂಕ್ಯಾಶ್‌ಗೆ ಮೀರಿದ ಕೆಲಸವಲ್ಲ ಅದು.

ಹೀಗೆ ಈ ಮೂರು ಪೇಟೆಗಳ ಮಟ್ಟಿಗೆ ಮುಕ್ತ ತಂತ್ರಾಂಶಕ್ಕೆ ಹೊಂದುವ ಜಾಗ ಎರಡು ತುದಿಗಳಲ್ಲಿದೆ: ನೋಂದಣಿಯ ಮಿತಿಯೊಳಗಿನ ಚಿಕ್ಕ ಅಂಗಡಿ, ಮತ್ತು ಕಂಪ್ಯೂಟರ್ ನೋಡಿಕೊಳ್ಳುವವರನ್ನು ಇಟ್ಟುಕೊಳ್ಳಬಲ್ಲ ಕಾರ್ಖಾನೆ. ನಡುವಿನ ಮಂಡಿ ಟ್ಯಾಲಿಯಲ್ಲಿ ನೆಲೆಸಿದೆ. ಅದನ್ನು ಕದಲಿಸಲು ತಂತ್ರಾಂಶ ಉಚಿತವಾಗಿದ್ದರೆ ಸಾಲದು. ಅದನ್ನು ಕಲಿಸುವ ಕಾಲೇಜು, ಅದರ ಲೆಕ್ಕವನ್ನು ಒಪ್ಪಿಕೊಳ್ಳುವ ಆಡಿಟರ್ ಎರಡೂ ಬೇಕು. ಕೇರಳದ ಶಾಲೆಗಳಲ್ಲಿ ಮೊದಲನೆಯದು ಆಗಿದೆ. ತುಮಕೂರು ಜಿಲ್ಲೆಯ ವಾಣಿಜ್ಯ ಕಾಲೇಜುಗಳ ಪ್ರಯೋಗಾಲಯಕ್ಕೂ ಅದನ್ನು ತರಲು ತಂತ್ರಾಂಶಕ್ಕೆಂದು ಹಣ ತೆರಬೇಕಾಗಿಲ್ಲ.